ಫಾರಂ ಇರೋ ಪೇಜಾ, ಇಲ್ಲದ ಪೇಜಾ? ಅಫಿಲಿಯೇಟ್ ಲಿಂಕ್ ಹಾಕುವ ಮುಂಚೆ ನೋಡಬೇಕಾದ್ದು

ಹೋದ ವಾರ ನಮ್ಮ ಓಣಿಯ ಹುಡುಗಿಯೊಬ್ಬಳು ಫೋನ್ ಹಿಡಿದುಕೊಂಡು ಮನೆಗೆ ಬಂದಳು. ಪಿಡಿಒ, ಎಫ್‌ಡಿಎ ಪರೀಕ್ಷೆಗೆ ಓದುವವರಿಗಾಗಿ ಇನ್‌ಸ್ಟಾಗ್ರಾಂನಲ್ಲಿ ಒಂದು ಖಾತೆ ನಡೆಸುತ್ತಾಳೆ. ಮೂರು ಸಾವಿರ ಚಿಲ್ಲರೆ ಜನ ಫಾಲೋ ಮಾಡುತ್ತಾರೆ. ಹೆಚ್ಚಿನವರು ಕಲಬುರಗಿ, ಯಾದಗಿರಿ, ಬೀದರ್ ಕಡೆಯವರೇ. ಈಗ ಎರಡು ಕಡೆಯಿಂದ ಅವಳಿಗೆ ಅಫಿಲಿಯೇಟ್ ಕರೆ ಬಂದಿದೆ, ಅಂದರೆ ಅವರ ಲಿಂಕ್ ಹಾಕಿ, ಅದರಿಂದ ಮಾರಾಟ ಆದರೆ ಕಮಿಷನ್ ಪಡೆಯುವ ಕೆಲಸ.

ಒಂದು ₹1,000ದ ಟೆಸ್ಟ್ ಸಿರೀಸ್. ಕಮಿಷನ್ 30%. ಸೇಲ್ಸ್ ಪೇಜ್ ತೆರೆದರೆ ವಿವರ, ಬೆಲೆ, 'ಈಗಲೇ ಖರೀದಿಸಿ' ಬಟನ್, ಅಷ್ಟೇ. ಇನ್ನೊಂದು ₹2,500ರ ಕೋರ್ಸ್. ಕಮಿಷನ್ 40%. ಆದರೆ ಆ ಪೇಜ್ ತೆರೆದ ಕೂಡಲೇ 'ಉಚಿತ ನೋಟ್ಸ್ ಬೇಕಾ? ಇಮೇಲ್, ಮೊಬೈಲ್ ನಂಬರ್ ಹಾಕಿ' ಅಂತ ಒಂದು ಫಾರಂ ಎದುರಿಗೆ ಬಂದು ನಿಲ್ಲುತ್ತೆ.

'ಅಣ್ಣಾ, ಫಾರಂ ಇರೋ ಪೇಜಿಗೆ ಜನಾನ ಕಳಿಸಬ್ಯಾಡ, ಕಮಿಷನ್ ಸೋರಿ ಹೋಗ್ತದ ಅಂತಾರ. ಖರೇನಾ?' ಅಂತ ಕೇಳಿದಳು.

ಅರ್ಧ ಖರೆ. ಆ ಅರ್ಧದಲ್ಲಿ ನಾನು ದುಡ್ಡು ಕಳೆದುಕೊಂಡಿದ್ದೇನೆ. ಇನ್ನರ್ಧ ಗೊತ್ತಿಲ್ಲದೆ ಒಳ್ಳೆಯ ಕಮಿಷನ್ ಬಿಟ್ಟುಕೊಟ್ಟವರೂ ಇದ್ದಾರೆ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನನಗೆ ಆದದ್ದು

ಕೆಲವು ವರ್ಷಗಳ ಹಿಂದೆ ಅಕೌಂಟಿಂಗ್ ಕಲಿಸುವ ಒಂದು ಕೋರ್ಸ್‌ನ ಲಿಂಕನ್ನು ನನ್ನ ಚಾನೆಲ್‌ನಲ್ಲಿ ಹಾಕಿದ್ದೆ. ಪೇಜಿನಲ್ಲಿ ಫಾರಂ ಇತ್ತು. ನಾನು ಅದರ ಬಗ್ಗೆ ಯೋಚಿಸಿರಲಿಲ್ಲ. ಎರಡು ತಿಂಗಳಲ್ಲಿ ನಾನೂರಕ್ಕೂ ಹೆಚ್ಚು ಕ್ಲಿಕ್ ಆದವು. ಮಾರಾಟ ಎರಡೇ ಎರಡು. ನಮ್ಮ ಕಡೆಯವರಿಗೆ ಈ ಕೋರ್ಸ್ ಬೇಡವೇನೋ ಅಂದುಕೊಂಡು ಸುಮ್ಮನಾದೆ.

ಆಮೇಲೊಂದು ದಿನ ಸೂಪರ್ ಮಾರ್ಕೆಟ್ ಹತ್ತಿರದ ಖಾನಾವಳಿಯಲ್ಲಿ ಊಟಕ್ಕೆ ಕೂತಿದ್ದೆ. ಎದುರಿಗೆ ರೊಟ್ಟಿ ಮುರಿಯುತ್ತಿದ್ದ ಹುಡುಗ ನನ್ನನ್ನು ಗುರುತು ಹಿಡಿದ. 'ಅಣ್ಣಾ, ನೀವ್ ಹೇಳಿದ ಕೋರ್ಸ್ ತಗೊಂಡೀನ್ರಿ. ಭಾಳ ಚಲೋ ಅದ' ಅಂದ. ನನಗೆ ಖುಷಿಯಾಯಿತು. ಯಾವಾಗ ತಗೊಂಡೆ ಅಂತ ಕೇಳಿದೆ. ಅವನು ಹೇಳಿದ ತಿಂಗಳಲ್ಲಿ ನನ್ನ ಡ್ಯಾಶ್‌ಬೋರ್ಡ್‌ನಲ್ಲಿ, ಅಂದರೆ ನನ್ನ ಮಾರಾಟದ ಲೆಕ್ಕ ತೋರಿಸುವ ಪೇಜಿನಲ್ಲಿ, ಇದ್ದದ್ದು ಸೊನ್ನೆ.

ಅವನ ಜಿಮೇಲ್ ತೆರೆಸಿದೆ. 'ಪ್ರೊಮೋಷನ್ಸ್' ವಿಭಾಗದಲ್ಲಿ ಆ ಕಂಪನಿಯಿಂದ ಹನ್ನೊಂದು ಮೇಲ್ ಬಂದು ಕೂತಿದ್ದವು. ಒಂಬತ್ತನೆಯದು ರಿಯಾಯಿತಿಯ ಮೇಲ್. ಅದರ ಬಟನ್ ಒತ್ತಿ ಅವನು ದುಡ್ಡು ಕಟ್ಟಿದ್ದ. ನಾನೂ ಒತ್ತಿ ನೋಡಿದೆ. ಮೇಲಿನ ವಿಳಾಸದ ಸಾಲಿನಲ್ಲಿ ಕಂಪನಿಯ ಹೆಸರಿತ್ತು, ಕೋರ್ಸ್‌ನ ಹೆಸರಿತ್ತು, 'ಇಮೇಲ್' ಅಂತ ಒಂದು ಗುರುತಿತ್ತು. ನನ್ನ ಐಡಿ, ಅಂದರೆ ನಾನು ಕಳಿಸಿದವರು ಅಂತ ತೋರಿಸುವ ಗುರುತು, ಎಲ್ಲೂ ಇರಲಿಲ್ಲ. ಹುಡುಗ ನನ್ನ ಮಾತು ಕೇಳಿ ಹೋಗಿದ್ದ, ಕಂಪನಿಯ ಲೆಕ್ಕದಲ್ಲಿ ತಾನಾಗಿಯೇ ಬಂದವನಾಗಿದ್ದ.

ಬಲಗೈ ಬೆರಳೆಲ್ಲ ಪಲ್ಯ ಆಗಿತ್ತು ಅಂತ ಎಡಗೈಯಲ್ಲಿ ಫೋನ್ ಹಿಡಿದು ಆ ಹುಡುಗ ನನಗೆ ಹನ್ನೊಂದೂ ಮೇಲ್ ತೋರಿಸಿದ. ಅವನದೇನೂ ತಪ್ಪಿಲ್ಲ. ನಾನೇ ಕೇಳಬೇಕಿತ್ತು.

ಸೋರುವುದು ಎಲ್ಲಿ

ನಮ್ಮಪ್ಪ ಗಂಜ್‌ನಲ್ಲಿ, ಅಂದರೆ ಕೃಷಿ ಮಾರುಕಟ್ಟೆಯಲ್ಲಿ, ರೈತರ ಮಾಲನ್ನು ಕಮಿಷನ್ ಮೇಲೆ ಮಾರಿಕೊಡುವ ಅಡತ್ ಅಂಗಡಿಯೊಂದರ ಗುಮಾಸ್ತರಾಗಿದ್ದರು. ರೈತ ತೊಗರಿ ತಂದು ಅಂಗಡಿ ಮುಂದೆ ರಾಶಿ ಹಾಕಿದರೆ ಮೊದಲ ಕೆಲಸ ಅದಕ್ಕೊಂದು ಲಾಟ್ ನಂಬರ್. ಆ ಮಾಲನ್ನು ಯಾವ ದಾಲ್ ಮಿಲ್‌ನವರೇ ಹಿಡಿಯಲಿ, ಯಾವ ಅಂಗಡಿಗೆ ಬಂದ ಮಾಲು ಅನ್ನೋದು ಆ ನಂಬರಿನಲ್ಲೇ ಇರುತ್ತೆ. ನಂಬರ್ ಇಲ್ಲದ ರಾಶಿಗೆ ಆಮೇಲೆ ಎಷ್ಟು ಜಗಳಾಡಿದರೂ ಪ್ರಯೋಜನ ಇಲ್ಲ.

ಅಫಿಲಿಯೇಟ್‌ನಲ್ಲಿ ಈ ನಂಬರಿನ ಕೆಲಸ ಮಾಡೋದು ಹೆಚ್ಚಾಗಿ ಕುಕಿ, ಅಂದರೆ ವೆಬ್‌ಸೈಟ್ ಬ್ರೌಸರ್‌ನಲ್ಲಿ ಬಿಟ್ಟುಹೋಗುವ ಸಣ್ಣ ಗುರುತು. ನಿಮ್ಮ ಲಿಂಕ್ ಒತ್ತಿದವರ ಬ್ರೌಸರ್‌ನಲ್ಲಿ ನಿಮ್ಮ ಐಡಿ ಒಂದಿಷ್ಟು ದಿನ ಕೂತಿರುತ್ತೆ. ಅಷ್ಟರೊಳಗೆ ಕೊಂಡರೆ ಕಮಿಷನ್ ನಿಮ್ಮದು. ಎಷ್ಟು ದಿನ ಅನ್ನೋದು ಒಬ್ಬೊಬ್ಬರಲ್ಲಿ ಒಂದೊಂದು. ಅಮೆಜಾನ್‌ನಲ್ಲಿ ಸಾಮಾನ್ಯವಾಗಿ 24 ಗಂಟೆ. ಕ್ಲಿಕ್‌ಬ್ಯಾಂಕ್ ಅನ್ನೋ ಅಫಿಲಿಯೇಟ್ ತಾಣದಲ್ಲಿ 60 ದಿನ. ಕೋರ್ಸ್ ಮಾರುವವರಲ್ಲಿ 30 ದಿನ ಇರೋದೇ ಜಾಸ್ತಿ ಕಾಣುತ್ತೆ.

ಕುಕಿ ಮನುಷ್ಯನ ಮೇಲೆ ಇರಲ್ಲ, ಬ್ರೌಸರ್‌ನಲ್ಲಿ ಇರುತ್ತೆ. ಎಲ್ಲ ತೊಂದರೆಗೂ ಇದೇ ಮೂಲ. ಇನ್‌ಸ್ಟಾಗ್ರಾಂ ಒಳಗೆ ಲಿಂಕ್ ಒತ್ತಿದರೆ ಪೇಜ್ ಇನ್‌ಸ್ಟಾಗ್ರಾಂನ ಒಳಗಿನ ಬ್ರೌಸರ್‌ನಲ್ಲೇ ತೆರೆಯುತ್ತೆ. ಕುಕಿ ಅಲ್ಲೇ ಉಳಿಯುತ್ತೆ. ಅದೇ ಮನುಷ್ಯ ಅಲ್ಲೇ ಫಾರಂ ತುಂಬಿ, ಎರಡು ದಿನ ಬಿಟ್ಟು ಜಿಮೇಲ್‌ನಿಂದ ಲಿಂಕ್ ಒತ್ತಿದರೆ ಅದು ಕ್ರೋಮ್‌ಗೆ ಹೋಗುತ್ತೆ. ಕ್ರೋಮ್‌ಗೆ ನೀವು ಯಾರು ಅಂತಲೇ ಗೊತ್ತಿಲ್ಲ. 60 ದಿನದ ಕುಕಿ ಇದ್ದರೂ ಎರಡನೇ ದಿನಕ್ಕೇ ನಿಮ್ಮ ಹೆಸರು ಇಲ್ಲ. ಅದೇ ಲಿಂಕನ್ನು ವಾಟ್ಸಾಪ್‌ನಲ್ಲಿ ಕಳಿಸಿದರೆ ಸಾಮಾನ್ಯವಾಗಿ ನೇರ ಕ್ರೋಮ್‌ನಲ್ಲೇ ತೆರೆಯುತ್ತೆ, ಹಾಗಾಗಿ ಕುಕಿ ಬದುಕುವ ಸಾಧ್ಯತೆ ಜಾಸ್ತಿ. ಇಷ್ಟು ಸಣ್ಣ ವಿಷಯ ನನಗೆ ಮೊದಲೇ ಗೊತ್ತಿದ್ದರೆ ಎಷ್ಟೋ ಲಿಂಕುಗಳನ್ನು ಬೇರೆ ಕಡೆ ಹಾಕುತ್ತಿದ್ದೆ.

ಐಫೋನ್‌ನವರದ್ದು ಇನ್ನೂ ಕಷ್ಟ. ಪೇಜಿನ ಸ್ಕ್ರಿಪ್ಟ್, ಅಂದರೆ ಪೇಜಿನೊಳಗೆ ಓಡುವ ಕೋಡ್, ಇಡುವ ಕುಕಿಯನ್ನು ಐಫೋನ್‌ನ ಬ್ರೌಸರ್ ಆದ ಸಫಾರಿ 2019ರಿಂದಲೇ 7 ದಿನಕ್ಕಿಂತ ಜಾಸ್ತಿ ಇಟ್ಟುಕೊಳ್ಳಲ್ಲ.

ನಮ್ಮ ಕಡೆ ಇನ್ನೊಂದು ಮಾತಿದೆ. ಹುಡುಗ ತನ್ನ ಫೋನಿನಲ್ಲಿ ನೋಡುತ್ತಾನೆ. ದುಡ್ಡು ಕಟ್ಟೋದು ಅಣ್ಣನ ಫೋನಿನಿಂದ, ಇಲ್ಲ ಸೋದರಮಾವನ ಫೋನಿನಿಂದ. ಅಲ್ಲಿಗೆ ಕುಕಿಯ ಕಥೆ ಮುಗಿಯಿತು.

ಫಾರಂ ಇಲ್ಲದ ಪೇಜ್

ಇದರ ಅನುಕೂಲ ನೇರ. ಬಂದವರು ಕೊಳ್ಳುತ್ತಾರೆ ಇಲ್ಲ ವಾಪಸ್ ಹೋಗುತ್ತಾರೆ. ವಾಪಸ್ ಹೋದವರು ಇನ್ನೂ ನಿಮ್ಮವರೇ. ನಾಳೆ ಮತ್ತೊಂದು ವಿಡಿಯೊ ಮಾಡಿ ಅವರನ್ನೇ ಕರೆಯಬಹುದು. ₹500, ₹1,000ದೊಳಗಿನ ಪುಸ್ತಕ, ಟೆಸ್ಟ್ ಸಿರೀಸ್, ಆ್ಯಪ್ ಚಂದಾ ಇಂಥವಕ್ಕೆ ನಾನು ಕಣ್ಣುಮುಚ್ಚಿ ಇದನ್ನೇ ಹೇಳುತ್ತೇನೆ. ಅಷ್ಟು ದುಡ್ಡಿಗೆ ಜನ ಜಾಸ್ತಿ ಯೋಚಿಸಲ್ಲ. ಅಂಥ ಪೇಜಿನಲ್ಲಿ ಫಾರಂ ಇಟ್ಟರೆ ಕೊಳ್ಳಲು ಬಂದವರನ್ನೂ ನೋಟ್ಸ್ ಕೊಟ್ಟು ವಾಪಸ್ ಕಳಿಸಿದ ಹಾಗಾಗುತ್ತೆ.

ಕೊರತೆಯೂ ಇದೆ. ಬೆಲೆ ಏರಿದಷ್ಟೂ ಮೊದಲ ಸಲಕ್ಕೇ ಕೊಳ್ಳುವವರು ಕಡಿಮೆ. ನೆನಪಿಸುವವರು ಯಾರೂ ಇಲ್ಲದಿದ್ದರೆ ಮನಸ್ಸಿದ್ದವರೂ ಮರೆತುಬಿಡುತ್ತಾರೆ.

ಫಾರಂ ಇರೋ ಪೇಜಿನಲ್ಲೂ ಎರಡು ಜಾತಿ

ಕೆಲವರ ವ್ಯವಸ್ಥೆಯಲ್ಲಿ ಫಾರಂ ತುಂಬಿದ ಕ್ಷಣವೇ ಆ ಇಮೇಲ್ ಜತೆ ನಿಮ್ಮ ಐಡಿಯೂ ಅವರ ದಾಖಲೆಯಲ್ಲಿ ಸೇರುತ್ತೆ. ಆಮೇಲೆ ಬ್ರೌಸರ್ ಬದಲಾಗಲಿ, ಫೋನ್ ಬದಲಾಗಲಿ, ಆ ಇಮೇಲ್‌ನಿಂದ ಖರೀದಿ ಆದರೆ ಕಮಿಷನ್ ನಿಮಗೇ. ಇನ್ನು ಕೆಲವರಲ್ಲಿ ಫಾರಂ ಬೇರೆ, ಅಫಿಲಿಯೇಟ್ ಲೆಕ್ಕ ಬೇರೆ. ಒಂದಕ್ಕೊಂದು ಸಂಬಂಧವೇ ಇಲ್ಲ. ಹೊರಗಿನಿಂದ ನೋಡಿದರೆ ಎರಡೂ ಪೇಜ್ ಒಂದೇ ಥರ ಕಾಣುತ್ತವೆ. ನನಗೆ ಸಿಕ್ಕಿದ್ದು ಎರಡನೆಯದು.

ಮೊದಲನೆಯದು ಸಿಕ್ಕರೆ ನಮ್ಮ ಭಾಗದ ಅಫಿಲಿಯೇಟ್‌ಗಳಿಗೆ ಅದರಷ್ಟು ಒಳ್ಳೆಯದು ಬೇರೆ ಇಲ್ಲ. ಕಾರಣ ತೊಗರಿ.

ಚಿತ್ತಾಪುರದ ಕಡೆಯ ಒಂದು ಹಳ್ಳಿಯ ಹುಡುಗ ಅಕ್ಟೋಬರ್‌ನಲ್ಲಿ ನಿಮ್ಮ ವಿಡಿಯೊ ನೋಡುತ್ತಾನೆ ಅಂದುಕೊಳ್ಳಿ. ಕೋರ್ಸ್ ಇಷ್ಟವಾಗುತ್ತೆ. ಮನೆಯಲ್ಲಿ ಕೇಳುತ್ತಾನೆ. 'ರಾಶಿ ಆಗ್ಲಿ, ತೊಗರಿ ಮಾರಿದ ಮ್ಯಾಲ ನೋಡೋಣು' ಅನ್ನುತ್ತಾರೆ ಅಪ್ಪ. ಡಿಸೆಂಬರ್, ಜನವರಿಯಲ್ಲಿ ರಾಶಿ. ಮಾಲು ಗಂಜ್‌ಗೆ ಬಂದು, ದರ ನೋಡಿ ಮಾರಿ, ಕೈಗೆ ದುಡ್ಡು ಬರೋದು ಅದಾದ ಮೇಲೆ. 30 ದಿನದ ಕುಕಿ ಅಷ್ಟು ಹೊತ್ತಿಗೆ ಎಂದೋ ಸತ್ತಿರುತ್ತೆ. 60 ದಿನದ್ದೂ ಉಳಿದಿರಲ್ಲ. ಆ ಹುಡುಗನ ಇಮೇಲ್ ಜತೆ ನಿಮ್ಮ ಐಡಿ ಕಟ್ಟಿದ್ದರೆ ಮಾತ್ರ ಫೆಬ್ರುವರಿಯ ಆ ಖರೀದಿ ನಿಮ್ಮ ಲೆಕ್ಕಕ್ಕೆ ಬರುತ್ತೆ. ಪ್ರತಿ ತಿಂಗಳು ಒಂದನೇ ತಾರೀಖು ಸಂಬಳ ಬರೋರಿಗೆ ಈ ಸಮಸ್ಯೆ ಇಷ್ಟು ಕಾಡಲ್ಲ. ಬೆಳೆ ಬಂದಾಗ ದುಡ್ಡು ಬರೋ ಊರುಗಳಲ್ಲಿ ಕೆಲಸ ಮಾಡೋ ನಾವು ಕುಕಿಯ ದಿನ ಎಣಿಸಿಯೇ ಸೇರಬೇಕು.

ದುಡ್ಡಿನ ಲೆಕ್ಕ

ಹುಡುಗಿಯ ಜತೆ ಕೂತು ಹಾಳೆ ಮೇಲೆ ಒಂದು ಅಂದಾಜು ಹಾಕಿದೆ. ಇವು ನಾವು ಇಟ್ಟುಕೊಂಡ ಅಂಕಿಗಳು. ನಿಮ್ಮಲ್ಲಿ ಬೇರೆ ಇರಬಹುದು, ದಾರಿ ಮಾತ್ರ ಇದೇ.

ನೂರು ಜನ ಲಿಂಕ್ ಒತ್ತಿದರು ಅನ್ನೋಣ. ಟೆಸ್ಟ್ ಸಿರೀಸ್‌ನ ನೇರ ಪೇಜಿನಲ್ಲಿ ಮೂವರು ಕೊಂಡರೆ ತಲಾ ₹300ರಂತೆ ₹900. ಕೋರ್ಸ್‌ನ ಪೇಜಿನಲ್ಲಿ ಆಗಲೇ ಕೊಳ್ಳುವವರು ಒಬ್ಬರು, ಅದಕ್ಕೆ ₹1,000. ಇಪ್ಪತ್ತು ಜನ ಫಾರಂ ತುಂಬುತ್ತಾರೆ, ಅವರಲ್ಲಿ ಇಬ್ಬರು ಮುಂದೆ ಕೊಳ್ಳುತ್ತಾರೆ. ಐಡಿ ಕಟ್ಟಿದ್ದರೆ ಒಟ್ಟು ₹3,000. ಕಟ್ಟಿರದಿದ್ದರೆ ₹1,000ಕ್ಕೇ ನಿಲ್ಲುತ್ತೆ.

'ಸೋರಿದ್ರೂ ಅದೇ ನೂರು ರೂಪಾಯಿ ಜಾಸ್ತಿ ಆಯ್ತಲ್ಲಣ್ಣಾ?' ಅಂದಳು. ಹೌದು, ಆ ದಿನದ ಲೆಕ್ಕಕ್ಕೆ ಅವಳ ಮಾತು ಸರಿ. ಕಮಿಷನ್ ದೊಡ್ಡದಿದ್ದರೆ ತೂತಿನ ಪೇಜೂ ಕೆಲವು ಸಲ ಗೆಲ್ಲುತ್ತೆ. ಅದಕ್ಕೇ ಫಾರಂ ಕಂಡ ಕೂಡಲೇ ಬೇಡ ಅನ್ನೋದು ತಪ್ಪು.

ಆದರೆ ಆ ಇಪ್ಪತ್ತು ಜನರ ಹೆಸರು, ನಂಬರ್ ಈಗ ಎಲ್ಲಿದೆ? ಕಂಪನಿಯವರ ಹತ್ತಿರ. ಮುಂದಿನ ಕೋರ್ಸ್, ಅದರ ಮುಂದಿನ ಪುಸ್ತಕ, ಎಲ್ಲವನ್ನೂ ಅವರು ಆ ಇಪ್ಪತ್ತು ಜನಕ್ಕೆ ನೇರ ಮಾರುತ್ತಾರೆ. ಅವಳ ಬಳಿ ಇರೋದು ಮೂರು ಸಾವಿರ ಜನ. ದಿನಾ ಹೊಸಬರು ಬರಲ್ಲ. ಹೀಗೆ ಇಪ್ಪತ್ತಿಪ್ಪತ್ತರಂತೆ ಕೊಡುತ್ತಾ ಹೋದರೆ ವರ್ಷದಲ್ಲಿ ಅವಳ ಜನರಲ್ಲಿ ಓದೋ ಆಸಕ್ತಿ ಇರೋರೆಲ್ಲ ಬೇರೆಯವರ ಪಟ್ಟಿಯಲ್ಲಿರುತ್ತಾರೆ.

ಹಾಗಾಗಿ ನನ್ನ ತೀರ್ಮಾನ ಯಾರ ಜನ ಹೇಗೆ ಬರುತ್ತಾರೆ ಅನ್ನೋದರ ಮೇಲೆ ಇದೆ. ಯೂಟ್ಯೂಬ್ ಹುಡುಕಾಟದಿಂದ ದಿನಾ ಹೊಸ ಮುಖಗಳು ಬರುತ್ತಿದ್ದರೆ, ಒಂದು ವಿಡಿಯೊ ನೋಡಿ ಹೋಗುವವರೇ ಜಾಸ್ತಿ ಇದ್ದರೆ, ಸ್ವಲ್ಪ ಸೋರುವ ಪೇಜನ್ನೂ ಒಪ್ಪಬಹುದು. ಆ ಜನ ಹೇಗೂ ನಿಮ್ಮ ಹತ್ತಿರ ಮತ್ತೆ ಬರಲ್ಲ. ವಾಟ್ಸಾಪ್ ಗ್ರೂಪ್, ಊರಿನ ಪರಿಚಯ, ಹೆಸರು ಹಿಡಿದು ಮಾತಾಡಿಸುವ ಮೂರು ಸಾವಿರ ಜನ, ಇಂಥದ್ದಿದ್ದರೆ ಐಡಿ ಕಟ್ಟದ ಫಾರಂಗೆ ಒಬ್ಬರನ್ನೂ ಕಳಿಸಬೇಡಿ.

ಫೋನ್ ನಂಬರ್ ಕೇಳಿದರೆ

ಇಲ್ಲಿ ನಾನು ಇನ್ನೂ ಬಿಗಿ. ನಮ್ಮ ಕಡೆ ಎಷ್ಟೋ ಜನರಿಗೆ ಇಮೇಲ್ ಇದೆ ಅಂದರೆ ಫೋನ್ ಶುರು ಮಾಡೋಕೆ ಬೇಕಿತ್ತು ಅಂತ ಇದೆ, ಅಷ್ಟೇ. ವಾರಕ್ಕೊಮ್ಮೆಯೂ ತೆರೆಯಲ್ಲ. ಮಾರುವವರಿಗೂ ಇದು ಗೊತ್ತು. ಅದಕ್ಕೇ ಮೊಬೈಲ್ ನಂಬರ್ ಕೇಳುತ್ತಾರೆ. ಮಾರನೇ ದಿನವೇ ಕರೆ ಬರುತ್ತೆ. ಮಾತಾಡಿ, ಅಲ್ಲೇ ಯುಪಿಐ ಲಿಂಕ್ ಕಳಿಸಿ, ದುಡ್ಡು ಕಟ್ಟಿಸಿಕೊಳ್ಳುತ್ತಾರೆ. ಈ ಮಾರಾಟ ನಿಮ್ಮ ಕುಕಿ ಇರೋ ಪೇಜಿಗೆ ಬರೋದೇ ಇಲ್ಲ. ಕರೆ ಮಾಡಿದವರು ತಮ್ಮ ಹಾಳೆಯಲ್ಲಿ ನಿಮ್ಮ ಐಡಿ ಬರೆದುಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ.

ದುಡ್ಡಿಗಿಂತ ನನ್ನನ್ನು ಜಾಸ್ತಿ ಕಾಡೋದು ಬೇರೆ. ದಿನಕ್ಕೆ ನಾಲ್ಕು ಸಲ ಕರೆ ಬಂದರೆ ಜನ ಕಂಪನಿಯನ್ನು ಬೈಯಲ್ಲ, 'ಆ ಅಣ್ಣ ಹೇಳಿದ ಲಿಂಕ್ ಒತ್ತಿದ್ದಕ್ಕೆ ಹಿಂಗಾಯ್ತು' ಅನ್ನುತ್ತಾರೆ. ಅವರು ನಂಬರ್ ಕೊಟ್ಟಿದ್ದು ನಮ್ಮ ಮುಖ ನೋಡಿ. ನೀವು ಕಳಿಸಿದವರಿಗೆ ಮುಂದೆ ಏನಾಗುತ್ತೆ ಅನ್ನೋದು ನಿಮ್ಮ ಹೊಣೆಯೂ ಹೌದು ಅಂತ ನಾನು ನಂಬುತ್ತೇನೆ.

ಕಾನೂನೂ ಆ ಕಡೆಗೇ ಬರುತ್ತಿದೆ. 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣಾ ಕಾಯ್ದೆ ಪ್ರಕಾರ, ಒಪ್ಪಿಗೆ ಪಡೆದು ಮಾಹಿತಿ ತೆಗೆದುಕೊಳ್ಳುವವರು ಅದು ಯಾತಕ್ಕೆ ಅಂತ ತಿಳಿಸಬೇಕು, ಒಪ್ಪಿಗೆ ಸ್ಪಷ್ಟವಾಗಿರಬೇಕು. ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ವಾಪಸ್ ತಗೊಳ್ಳಲೂ ಆಗಬೇಕು. ಆ ತಿಳಿವಳಿಕೆಯನ್ನು ಇಂಗ್ಲಿಷ್‌ನಲ್ಲಿ ಇಲ್ಲವೇ ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಲ್ಲಿ ಓದುವ ಆಯ್ಕೆ ಇರಬೇಕು. ಕನ್ನಡವೂ ಆ ಪಟ್ಟಿಯಲ್ಲಿದೆ. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ಮುಖ್ಯ ಹೊಣೆಗಳಿಗೆ ಅಲ್ಲಿಂದ 18 ತಿಂಗಳ ಕಾಲಾವಕಾಶ ಇದೆ. 18 ವರ್ಷ ತುಂಬದವರ ಮಾಹಿತಿಗೆ ತಂದೆ ತಾಯಿಯ ಒಪ್ಪಿಗೆ ಬೇಕು. ಪಿಯುಸಿ ಮಕ್ಕಳಿಗೆ ಲಿಂಕ್ ಹಾಕುವವರು ಈ ಕೊನೆಯ ಮಾತನ್ನು ಎರಡು ಸಲ ಓದಿ.

ಸೇರುವ ಮುಂಚೆ ಪರೀಕ್ಷೆ

ಯಾರ ಮಾತೂ ಕೇಳಬೇಡಿ, ನೀವೇ ನೋಡಿ. ಬೇರೆ ಇಮೇಲ್ ಒಂದನ್ನು ಇಟ್ಟುಕೊಳ್ಳಿ. ನಿಮ್ಮ ಜನ ಎಲ್ಲಿಂದ ಬರುತ್ತಾರೋ ಅಲ್ಲಿಂದಲೇ, ಅಂದರೆ ಇನ್‌ಸ್ಟಾಗ್ರಾಂ ಆದರೆ ಇನ್‌ಸ್ಟಾಗ್ರಾಂನಿಂದಲೇ, ನಿಮ್ಮ ಲಿಂಕ್ ಒತ್ತಿ ಫಾರಂ ತುಂಬಿ. ಹದಿನೈದು ದಿನ ಬರುವ ಮೇಲ್‌ಗಳನ್ನು ಅಳಿಸಬೇಡಿ. ಒಂದೊಂದರ ಲಿಂಕನ್ನೂ ಒತ್ತಿ ವಿಳಾಸದ ಸಾಲು ನೋಡಿ, ನಿಮ್ಮ ಐಡಿ ಬರುತ್ತಾ ಅಂತ. ಕಾಣದಿದ್ದರೂ ಹಿಂದೆ ದಾಖಲಾಗಿರಬಹುದು, ಅದಕ್ಕೆ ಕೊನೆಗೆ ಗೆಳೆಯರೊಬ್ಬರು ನಿಜವಾಗಿ ಬೇಕು ಅಂತ ಕೊಳ್ಳುವಾಗ ಮೇಲ್‌ನಿಂದ ಕೊಳ್ಳಲಿ, ಡ್ಯಾಶ್‌ಬೋರ್ಡ್‌ನಲ್ಲಿ ಬಂತಾ ನೋಡಿ. ನೀವೇ ನಿಮ್ಮ ಲಿಂಕಿನಿಂದ ಕೊಳ್ಳಬೇಡಿ, ಎಷ್ಟೋ ಕಡೆ ಅದಕ್ಕೆ ಖಾತೆಯನ್ನೇ ಮುಚ್ಚಬಹುದು.

ಮೇಲ್ ನಿಲ್ಲಿಸುವ ಬಟನ್ ಕೆಲಸ ಮಾಡುತ್ತಾ ಅಂತಲೂ ನೋಡಿ. ದಿನಕ್ಕೆ 5,000ಕ್ಕಿಂತ ಹೆಚ್ಚು ಮೇಲ್ ಕಳಿಸುವವರು ಒಂದೇ ಒತ್ತಿಗೆ ನಿಲ್ಲಿಸುವ ಸೌಲಭ್ಯ ಕೊಡಬೇಕು ಅಂತ ಜಿಮೇಲ್ 2024ರಲ್ಲಿ ನಿಯಮ ತಂದಿದೆ. ಅದನ್ನು ಬಚ್ಚಿಟ್ಟವರ ಜತೆ ನಾನು ಸೇರಲ್ಲ.

ಜತೆಗೆ ಕಂಪನಿಗೆ ಬರಹದಲ್ಲೇ ನಾಲ್ಕು ಪ್ರಶ್ನೆ ಕೇಳಿ. ಫಾರಂ ತುಂಬಿದವರು ನನ್ನ ಐಡಿ ಕೆಳಗೆ ಎಷ್ಟು ದಿನ ಇರುತ್ತಾರೆ? ಫೋನ್ ಕರೆಯಲ್ಲಿ ಮಾರಾಟ ಆದರೆ ಕಮಿಷನ್ ಯಾರಿಗೆ? ಅದೇ ವ್ಯಕ್ತಿ ನಿಮ್ಮ ಇನ್ನೊಂದು ಕೋರ್ಸ್ ಕೊಂಡರೆ ನನಗೇನಾದರೂ ಇದೆಯಾ? ಅವರ ನಂಬರನ್ನು ಬೇರೆ ಯಾರಿಗಾದರೂ ಕೊಡುತ್ತೀರಾ? ಫೋನಿನಲ್ಲಿ 'ಎಲ್ಲಾ ನಿಮಗೇ ಸರ್' ಅಂದರೆ ಸಾಲದು, ಬರೆದು ಕೊಡಲಿ.

ಕೂಪನ್ ಕೋಡ್ ಸಿಗುತ್ತಾ ಕೇಳೋದನ್ನು ಮರೆಯಬೇಡಿ. ನಿಮ್ಮದೇ ಕೋಡ್ ಇದ್ದು, ಅದನ್ನು ಹಾಕಿದರೆ ಕೊಳ್ಳುವವರಿಗೆ ₹100, ₹200 ಉಳಿಯುತ್ತೆ ಅಂದರೆ ಅವರು ತಾವೇ ನೆನಪಿಟ್ಟು ಹಾಕುತ್ತಾರೆ. ಯಾರ ಫೋನಿನಿಂದ ಕೊಂಡರೂ, ಯಾವ ತಿಂಗಳು ಕೊಂಡರೂ ನಡೆಯುತ್ತೆ. ಕರೆಯಲ್ಲಿ ಕೊಂಡರೂ 'ನನ್ನ ಹತ್ರ ಕೋಡ್ ಅದ' ಅಂತ ಹೇಳಬಹುದು. ನಮ್ಮ ಭಾಗದಲ್ಲಿ ಕುಕಿಗಿಂತ ಇದನ್ನೇ ನಾನು ನಂಬುತ್ತೇನೆ.

ಇನ್ನೆರಡು ದಾರಿ ಬೇಗ ಹೇಳಿಬಿಡುತ್ತೇನೆ. ಕೆಲವರು ಮಾರಾಟಕ್ಕಲ್ಲ, ತುಂಬಿದ ಒಂದೊಂದು ಫಾರಂಗೇ ದುಡ್ಡು ಕೊಡುತ್ತಾರೆ. ಸೋರುವ ಭಯ ಇಲ್ಲ ನಿಜ. ಆದರೆ ಬೇಡದವರಿಂದಲೂ ತುಂಬಿಸುವ ಆಸೆ ಹುಟ್ಟುತ್ತೆ, ಪರಿಚಯದ ಜನರಿಗೆ ನಾನು ಅದನ್ನು ಮಾಡಲ್ಲ. ಇನ್ನೊಂದು, ನಿಮ್ಮದೇ ಪಟ್ಟಿ ಮಾಡಿಕೊಳ್ಳೋದು. ಮೊದಲು ನಿಮ್ಮ ವಾಟ್ಸಾಪ್ ಚಾನೆಲ್‌ಗೆ ಸೇರಿಸಿಕೊಂಡು, ಆಮೇಲೆ ಲಿಂಕ್ ಕೊಡೋದು. ಆಗ ಕಂಪನಿಯ ಫಾರಂ ಇದ್ದರೂ ನಿಮ್ಮ ಜನ ನಿಮ್ಮ ಜತೆಗೂ ಇರುತ್ತಾರೆ. ಸಮಯ ಇದ್ದವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಯಾವ ದಾರಿ ಹಿಡಿದರೂ 'ಈ ಲಿಂಕಿನಿಂದ ಕೊಂಡರೆ ನನಗೆ ಕಮಿಷನ್ ಬರುತ್ತೆ' ಅಂತ ಸ್ಪಷ್ಟವಾಗಿ ಹೇಳಿ.

ಹುಡುಗಿ ಸದ್ಯಕ್ಕೆ ಟೆಸ್ಟ್ ಸಿರೀಸ್‌ನ ಲಿಂಕನ್ನು ತನ್ನ ಖಾತೆಯಲ್ಲಿ ಹಾಕಿದ್ದಾಳೆ. ಕೋರ್ಸ್‌ನವರಿಗೆ ನಾಲ್ಕೂ ಪ್ರಶ್ನೆ ಕಳಿಸಿದ್ದಾಳೆ. ಮೂರಕ್ಕೆ ಉತ್ತರ ಬಂದಿದೆ. ಫಾರಂ ತುಂಬಿದವರು ಅವಳ ಐಡಿ ಕೆಳಗೆ 180 ದಿನ ಇರುತ್ತಾರಂತೆ, ಕೂಪನ್ ಕೋಡ್ ಕೂಡ ಕೊಡುತ್ತಾರಂತೆ. ಫೋನ್ ಕರೆಯ ಪ್ರಶ್ನೆಗೆ ಮಾತ್ರ 'ವಿಚಾರಿಸಿ ಹೇಳುತ್ತೇವೆ' ಅಂದಿದ್ದಾರೆ. ಗಂಜ್‌ಗೆ ಹೊಸ ತೊಗರಿ ಬರೋಕೆ ಇನ್ನೂ ಎರಡು ತಿಂಗಳಿದೆ. ಅಷ್ಟರೊಳಗೆ ಆ ಉತ್ತರವೂ ಬರಹದಲ್ಲಿ ಬಂದರೆ ಕೋರ್ಸ್‌ನ ಲಿಂಕನ್ನೂ ಹಾಕು ಅಂತ ಹೇಳಿದ್ದೇನೆ. ಅಲ್ಲಿವರೆಗೆ ಬೇರೆ ಇಮೇಲ್‌ನಿಂದ ತುಂಬಿದ ಫಾರಂಗೆ ಬರುತ್ತಿರುವ ಮೇಲ್‌ಗಳನ್ನು ದಿನಾ ರಾತ್ರಿ ಇಬ್ಬರೂ ಕೂತು ನೋಡುತ್ತಿದ್ದೇವೆ. ಇವತ್ತಿಗೆ ಆರನೆಯದು ಬಂದಿದೆ.